ಗೊಂಬೆ ಮೆಟ್ಟಿಲ ಮೇಲೊಬ್ಬ ಜರ್ಮನ್ ಸಿಪಾಯಿ

ನಾನು ಒಬ್ಬ ಸಿಪಾಯಿ. ನಿಂತರೆ ನಿಮ್ಮ ಹೆಬ್ಬೆರಳಿನಷ್ಟು ಎತ್ತರ. ಮಕ್ಕಳು ಪ್ಲಾಸ್ಟಿಕ್ ಬ್ಲಾಕ್ಸ್ ಜೋಡಿಸಿ ಮನೆ, ಸೇತುವೆ ಕಟ್ಟುತ್ತಾರಲ್ಲ, ಆ ಊರಿನ ಜನ ನಾವು. ನಾನು ಒಮ್ಮೆಗೇ ಹುಟ್ಟಿದವನಲ್ಲ. ತಲೆ, ಮೈ, ಕೈ, ಕಾಲು ಬೇರೆ ಬೇರೆ ಪೊಟ್ಟಣಗಳಲ್ಲಿದ್ದವು. ಬೆಂಗಳೂರಿನ ಒಂದು ಚಿಕ್ಕ ಕೋಣೆಯಲ್ಲಿ ನಸೀಮಾ ಎಂಬಾಕೆ ನನ್ನ ಎದೆಯ ಮೇಲೆ ಬೂದು ಕೋಟು, ಅದಕ್ಕೊಂದು ಸಾಲು ಗುಂಡಿ ಅಚ್ಚು ಹಾಕಿದಳು. ತಲೆಗೆ ಚೂಪು ಮೊನೆಯ ಟೋಪಿ ಒತ್ತಿದಳು. ಟಕ್ ಎಂದಿತು. ಕೈಗೆ ಕೋವಿ ಸಿಕ್ಕಿಸಿ, "ನಿಮ್ಮ ಜರ್ಮನ್ ಕಾಲಾಳು ರೆಡಿ ಸಾರ್, ಮೊದಲನೇ ಮಹಾಯುದ್ಧದವನು," ಎಂದು ಫೋನಿನಲ್ಲಿ ಹೇಳಿದಳು.

ನಾನು ಯಾರೆಂದು ನನಗೆ ತಿಳಿದದ್ದು ಹಾಗೆ. ಜರ್ಮನಿ ಎಲ್ಲಿದೆ, ಯುದ್ಧ ಎಂದರೇನು, ಅದು ಮುಗಿಯಿತೋ ಇಲ್ಲವೋ, ಆಕೆ ಹೇಳಲಿಲ್ಲ.

ಫೋನಿನ ಆಚೆಗಿದ್ದವರು ಮೈಸೂರಿನ ವಾಸುಕಿ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು. ಅವರ ಗಾಜಿನ ಕಪಾಟಿನಲ್ಲಿ ನಾನಾ ದೇಶದ ಸಿಪಾಯಿಗಳ ನಡುವೆ ಕೆಲವು ತಿಂಗಳು ನಿಂತೆ. ಅಲ್ಲಿ ಎಲ್ಲರೂ ಕೋವಿ ಹಿಡಿದವರೇ. ಕೇಳೋಣವೆಂದರೆ ಯಾರೂ ಬಾಯಿಬಿಡಲೊಲ್ಲರು.

ದಸರಾ ಬಂತು. ಆ ಮನೆಯಲ್ಲಿ ಪ್ರತಿ ವರ್ಷ ಗೊಂಬೆ ಕೂರಿಸುವಾಗ ಒಂದಾದರೂ ಹೊಸ ಗೊಂಬೆ ಇರಲೇಬೇಕು. ಆ ಸಲ ತರುವುದನ್ನು ಎಲ್ಲರೂ ಮರೆತಿದ್ದರು. ವಾಸುಕಿಯವರ ಅಣ್ಣನ ಮಗಳು ಮೇಖಲಾ ಕಪಾಟಿನ ಮುಂದೆ ನಿಂತು, "ಚಿಕ್ಕಪ್ಪ, ಇವನು ನಂಗೆ," ಎಂದಳು. ಹೀಗೆ ನಾನು ಆ ಹುಡುಗಿಯ ಅಂಗೈಗೆ ಬಂದೆ.

ಅವಳ ಅಜ್ಜಿ ಪದ್ಮಾವತಮ್ಮ ನನ್ನನ್ನು ಕನ್ನಡಕದ ಹತ್ತಿರ ಹಿಡಿದರು. "ಇದ್ಯಾರೇ ಪುಟ್ಟಿ, ತಲೆ ಮೇಲೆ ಕಳಸ ಇಟ್ಕೊಂಡು ಬಂದಿರೋದು?"

"ಜರ್ಮನಿಯವನು ಅಜ್ಜಿ."

"ಅಷ್ಟು ದೂರದಿಂದ ಬಂದ್ಯೇನಪ್ಪಾ? ಊಟ ಆಯ್ತಾ?"

ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಾದ ರಾಜ, ರಾಣಿ. ಕೆಳಗಿನ ಮೆಟ್ಟಿಲಲ್ಲಿ ಅಕ್ಕಿ, ಬೇಳೆ ಹರಡಿಕೊಂಡು ಕೂತ ಶೆಟ್ಟಿ ದಂಪತಿ. ಅವರ ಪಕ್ಕದಲ್ಲಿ ನಾನು. ಬಾಗಿನಕ್ಕೆ ಬಂದ ಹೆಂಗಸರು ಬಗ್ಗಿ ಬಗ್ಗಿ ನನ್ನನ್ನು ನೋಡಿ ನಕ್ಕರು.

ಆಯುಧಪೂಜೆಯ ದಿನ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ. ನನ್ನ ಕೋವಿಗೂ ಪೂಜೆಯಾಗಬೇಕೆಂದು ಮೇಖಲಾ ಅದನ್ನು ಎಳೆದಳು. ಕೋವಿಯ ಜೊತೆ ನನ್ನ ಬಲಗೈಯ ಹಸ್ತವೂ ಕಳಚಿ ಬಂತು. ಎರಡನ್ನೂ ಹಾಗೇ ಕತ್ತರಿಯ ಪಕ್ಕದಲ್ಲಿಟ್ಟಳು. ಮಾರನೆಯ ಬೆಳಿಗ್ಗೆ ಅಜ್ಜಿ ಬಾಡಿದ ಹೂಗಳನ್ನೆಲ್ಲ ಬಾಚಿ ಮಲ್ಲಿಗೆ ಗಿಡದ ಬುಡಕ್ಕೆ ಸುರಿದುಬಿಟ್ಟರು. ಕೋವಿ, ಹಸ್ತ ಎರಡೂ ಹೋದವು.

ಮೇಖಲಾಳ ಮುಖ ಸಪ್ಪಗಾಯಿತು. ಆ ಮನೆಯಲ್ಲಿ ಮುರಿದು ಭಿನ್ನವಾದ ಗೊಂಬೆಯನ್ನು ಕೂರಿಸುವ ಹಾಗಿಲ್ಲ. ವಿಜಯದಶಮಿಯ ಸಂಜೆ ಎಲ್ಲ ಗೊಂಬೆಗಳ ಜೊತೆ ಮಲಗಿ ಪೆಟ್ಟಿಗೆ ಸೇರಿದವರಿಗಷ್ಟೇ ಮುಂದಿನ ವರ್ಷದ ದಸರಾ.

"ಅವನು ಮುರಿದಿಲ್ಲ ಅಜ್ಜಿ, ಕಳಚಿದಾನೆ ಅಷ್ಟೇ. ನೋಡಿ!" ಎಂದು ಅವಳು ನನ್ನ ತಲೆ ಕಿತ್ತಳು, ಕಾಲು ಕಿತ್ತಳು, ಮತ್ತೆ ಕೂಡಿಸಿದಳು.

ಅಜ್ಜಿಗೆ ಕುತೂಹಲವಾಯಿತು. "ಇಲ್ಲಿ ಕೊಡು," ಎಂದು ತಾವೂ ಒಮ್ಮೆ ನನ್ನ ತಲೆ ತೆಗೆದು ಹಾಕಿದರು. ಟಕ್. ಇನ್ನೊಮ್ಮೆ. ಟಕ್. "ಪರವಾಗಿಲ್ವೇ! ಆದ್ರೆ ಹಸ್ತ ಎಲ್ಲಿ?"

ಮೇಖಲಾ ತನ್ನ ಆಟದ ಡಬ್ಬಿಯಿಂದ ಬಿಳಿ ಟೋಪಿಯ ಅಡುಗೆಯವನನ್ನು ತಂದು ಅವನ ಹಸ್ತ ಕೀಳಲು ಹೋದಳು.

"ಅಯ್ಯೋ, ಅಡುಗೆಯವನ ಕೈ ಕಿತ್ತು ಸಿಪಾಯಿಗೆ ಕೊಡ್ತೀಯಾ? ಆಮೇಲೆ ಇಬ್ರಿಗೂ ಅನ್ನ ಹಾಕೋರು ಯಾರೇ?"

ಅಷ್ಟು ಹೇಳಿ ಅಜ್ಜಿ ಮಂಡಿ ಹಿಡಿದುಕೊಂಡು ಅಂಗಳಕ್ಕಿಳಿದರು. ಮಲ್ಲಿಗೆ ಗಿಡದ ಬುಡದಲ್ಲಿ ಕೂತು ಸೇವಂತಿಗೆಯ ಎಸಳುಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದರು. ಮೇಖಲಾ ಪಕ್ಕದಲ್ಲೇ ಕೂತಳು. ಬಿಸಿಲು ಗೋಡೆ ದಾಟುವ ಹೊತ್ತಿಗೆ ನನ್ನ ಹಸ್ತ ಸಿಕ್ಕಿತು, ಮೈಯೆಲ್ಲ ಕುಂಕುಮ. ಕೋವಿ ಸಿಗಲಿಲ್ಲ. ಅಜ್ಜಿ ಅದನ್ನು ಹುಡುಕಲೂ ಇಲ್ಲ.

ಸಂಜೆ ಬನ್ನಿ ಹಂಚುವಾಗ ಅವರು ಒಂದು ಎಳೆ ಕಡ್ಡಿಯನ್ನು ಎಲೆ ಸಮೇತ ನನ್ನ ಹಸ್ತಕ್ಕೆ ಸಿಕ್ಕಿಸಿದರು. ಅಳತೆ ಮಾಡಿಸಿದ ಹಾಗೆ ಕೂತಿತು.

"ಅಮ್ಮಾ, ಯುದ್ಧದ ಸಿಪಾಯಿ ಕೈಗೆ ಬನ್ನಿ ಕೊಟ್ರೆ ಇತಿಹಾಸವೇ ತಪ್ಪಾಗುತ್ತೆ," ಎಂದರು ವಾಸುಕಿ.

"ನಿನ್ನ ಇತಿಹಾಸಕ್ಕೂ ಹಬ್ಬಕ್ಕೆ ಒಂದು ದಿನ ರಜಾ ಕೊಡೋ," ಎಂದು ಅಜ್ಜಿ ನನ್ನನ್ನು ರಾಜ, ರಾಣಿಯರ ಕಾಲಬಳಿ ಮಲಗಿಸಿದರು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಹಳೆಯ ಸೀರೆಯ ತುಂಡು ಸುತ್ತಿಕೊಂಡು ಪೆಟ್ಟಿಗೆಯ ಮೂಲೆಯಲ್ಲಿ ಮಲಗಿದ್ದೇನೆ. ಕೋಟಿನ ಗುಂಡಿಗಳೆಲ್ಲ ಮಾಸಿವೆ. ವರ್ಷಕ್ಕೊಮ್ಮೆ ಮುಚ್ಚಳ ತೆರೆಯುತ್ತದೆ. ಈಗ ನನ್ನನ್ನು ಎತ್ತುವ ಮೇಖಲಾಳ ಬೆರಳುಗಳು ಅಜ್ಜಿಯ ಬೆರಳುಗಳಷ್ಟೇ ಉದ್ದ. "ಊಟ ಆಯ್ತಾ?" ಎಂದು ಅವಳೂ ಕೇಳುತ್ತಾಳೆ, ಪ್ರತಿ ಸಲ ನನ್ನ ಕೈಗೆ ಹೊಸದೇನನ್ನೋ ಸಿಕ್ಕಿಸುತ್ತಾಳೆ.

ಜರ್ಮನಿ ಎಲ್ಲಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕೈ ಕೋವಿಗೆಂದೇ ಬಾಗಿದೆ ಎಂದುಕೊಂಡಿದ್ದೆ. ಅದು ಯಾವುದಕ್ಕಾದರೂ ಆದೀತೆಂದು ಗೊತ್ತಾಗಿದೆ. ಈ ಸಲ ಏನು ಸಿಕ್ಕಿಸುತ್ತಾಳೋ ನೋಡಬೇಕು.