ಯಾಮಿನಿಗೆ ಕೇಳಿಸದ ಸದ್ದು

"ಅಬ್ಬಾ, ಏನ್ ಸದ್ದಪ್ಪ! ಬಂಡೆ ಸಿಡಿಸೋರಿಗೆ ದಿನಾ ಇದೇ ಹೊತ್ತು ಬೇಕಾ ಮೇಡಂ?" ಹರಿಣಿ ಎದೆ ಮುಟ್ಟಿಕೊಂಡಳು. ಚಿಂತಾಮಣಿ ಪೇಟೆಯ ಈ ಹುಡುಗಿ ಯಾಮಿನಿಯ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು.

"ಯಾವ ಸದ್ದೇ?" ಎಂದಳು ಯಾಮಿನಿ. ಅಂದ ಮೇಲೆ ತಟ್ಟನೆ ತಲೆಯೆತ್ತಿ ಗಡಿಯಾರ ನೋಡಿದಳು.

ಹುಟ್ಟಿದ್ದೇ ಚಿಕ್ಕಬಳ್ಳಾಪುರದ ಪಕ್ಕದ ಕಲ್ಲು ಕ್ವಾರಿಯ ಮಗ್ಗುಲಲ್ಲಿ. ತೊಟ್ಟಿಲಿಂದಲೇ ಕೇಳಿದ ಆ ಸಿಡಿತ ಕಿವಿಗೆ ಬೀಳುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ! ಈಗ ಅಲ್ಲೇ ಸಂಶೋಧನಾ ಕೇಂದ್ರದಲ್ಲಿ ಹನ್ನೆರಡು ವರ್ಷದಿಂದ ಒಂದೇ ಧ್ಯಾನ: ರೇಷ್ಮೆಯ ಒಂದೇ ಒಂದು ಅಣುವನ್ನು ಲೇಸರ್ ಬೆಳಕಿನಲ್ಲಿ ಹಿಡಿದು ಎಳೆದು, ಅದು ಎಷ್ಟು ಬಲಕ್ಕೆ ಬಿಚ್ಚಿಕೊಳ್ಳುತ್ತದೆಂದು ಅಳೆಯುವುದು. ಕೆಲವು ಸಲ ಅಣು ತಟ್ಟನೆ ಕುಪ್ಪಳಿಸುತ್ತಿತ್ತು. ಹಿಂದೆ ಯಾರೂ ಕಂಡಿರದ ಆ ಕುಪ್ಪಳಿಕೆಯ ಬಗ್ಗೆ ಬರೆದ ಲೇಖನ ಮುಂದಿನ ವಾರ ಅಚ್ಚಾಗಲಿತ್ತು. ಹರಿಣಿಯ ಪಿಎಚ್‌ಡಿಯೂ ಅದರ ಮೇಲೇ ನಿಂತಿತ್ತು.

ಅಳೆಯುತ್ತಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಆಗ ಕಟ್ಟಡದಲ್ಲಿ ಓಡಾಟವಿಲ್ಲ, ಅಲುಗಾಟವಿಲ್ಲ. ಅಯ್ಯೋ ಪೆದ್ದಿ! ಕ್ವಾರಿಯವರು ಮದ್ದು ಸಿಡಿಸುವುದೂ ಕೂಲಿಯವರು ಊಟಕ್ಕೆಂದು ದೂರ ಹೋದಾಗಲೇ. ಹಾಗಾದರೆ ಕುಪ್ಪಳಿಸಿದ್ದು ಅಣುವೋ, ನೆಲವೋ?

ಮಾರನೆಯ ದಿನ ಆಯುಧಪೂಜೆ, ಕ್ವಾರಿ ಬಂದ್. ಅದೇ ಹೊತ್ತು, ಅದೇ ಯಂತ್ರ, ಸಿಡಿತ ಮಾತ್ರ ಇಲ್ಲ. ರಾತ್ರಿಯೆಲ್ಲ ಹೊರಳಾಡಿದ ಯಾಮಿನಿ ಹರಿಣಿಯನ್ನೂ ಕರೆಸಿಕೊಂಡು ಬಂದರೆ, ಯಂತ್ರದ ಮೇಲೆ ಸೇವಂತಿಗೆ, ಕುಂಕುಮ. ಅಟೆಂಡರ್ ಮುನಿಶಾಮಿ ಅಡ್ಡ ನಿಂತ.

"ಇವತ್ತು ಮಿಷನ್ ಮುಟ್ಬಾರ್ದು ಕಣಮ್ಮ, ಪೂಜೆ ಮಾಡಿದೀನಿ."

"ಪಾಪ ನನಗೇ ಬರ್ಲಿ, ಬಿಡಪ್ಪ."

ನಲವತ್ತು ಸಲ ಎಳೆದರು. "ಒಂದೇ ಒಂದು ಸಲ ಕುಪ್ಪಳಿಸು ತಾಯಿ" ಎಂದು ಯಾಮಿನಿ ತುಟಿಯೊಳಗೇ ಬೇಡಿಕೊಂಡಳು. ನಲವತ್ತು ಸಲವೂ ಪರದೆಯ ಮೇಲಿನ ಗೆರೆ ಎಲ್ಲೂ ಕುಪ್ಪಳಿಸದೆ ನುಣ್ಣಗೆ ಏರಿತು.

ಹರಿಣಿಯ ಕಣ್ಣು ತುಂಬಿತ್ತು. "ನಂಗೆ ದಿನಾ ಕೇಳಿಸ್ತಿತ್ತು ಮೇಡಂ. ನೀವು ಅದನ್ನೂ ನೋಡ್ಕೊಂಡಿರ್ತೀರ ಅಂದ್ಕೊಂಡಿದ್ದೆ."

"ತಪ್ಪು ನಿಂದಲ್ಲ ಕಣಮ್ಮ. ನಿನ್ನ ಪಿಎಚ್‌ಡಿ ಮತ್ತೆ ಮೊದಲಿಂದ ಕಟ್ಟೋಣ."

ಲೇಖನ ಅಚ್ಚು ಮಾಡಬೇಡಿ, ನನ್ನ ಅಳತೆ ತಪ್ಪು ಎಂದು ಸಂಪಾದಕರಿಗೆ ಬರೆದಳು. ಎರಡು ಸಲ ಅಳಿಸಿದಳು. ಹನ್ನೆರಡು ವರ್ಷ ಹೋಯಿತಲ್ಲಾ! ಕೊನೆಗೆ ಕಳಿಸಿಯೇಬಿಟ್ಟಳು.

ಹಬ್ಬ ಮುಗಿದು ಕ್ವಾರಿ ಶುರುವಾದ ದಿನ, ಅವಳು ಮೊಸರನ್ನದ ಡಬ್ಬಿ ತೆರೆದು ಕೂತಿದ್ದಳು. ಢಂ ಎಂದಿತು. ಚಮಚ ಕೈಜಾರಿತು. "ಅಮ್ಮಾ!" ಎಂದು ಕಿರುಚಿಯೇಬಿಟ್ಟಳು. ನಲವತ್ತೊಂದನೆಯ ವಯಸ್ಸಿನಲ್ಲಿ ಯಾಮಿನಿಗೆ ಆ ಸಿಡಿತ ಮತ್ತೆ ಕೇಳಿಸಿತ್ತು.