ಬುಧವಾರದ ಖಾಲಿ ಪಾತ್ರೆಗಳು

ಅಮೆರಿಕದ ಗಡಿಯಂಚಿನ ನಮ್ಮೂರಿನಲ್ಲಿ ಪ್ರತಿ ಚುನಾವಣೆಯ ಮರುದಿನ ಅರ್ಧ ಊರು "ನಾನಂತೂ ಕೆನಡಾಕ್ಕೆ ಹೊರಟೆ" ಎನ್ನುತ್ತದೆ. ಯಾವ ಅರ್ಧ ಎಂಬುದು ಯಾರು ಗೆದ್ದರು ಎನ್ನುವುದರ ಮೇಲೆ ನಿಂತಿರುತ್ತದೆ. ಕೆನಡಾ ನಮಗೇನು ದೂರವಲ್ಲ, ನದಿಯ ಆಚೆ ದಡ. ಕೈಯಲ್ಲಿನ ಕಾಫಿ ಆರುವುದರೊಳಗೆ ಸೇತುವೆ ದಾಟಿ ಮುಗಿದಿರುತ್ತದೆ. ಆದರೂ ಹಾಗೆ ಅಂದವರಲ್ಲಿ ಒಬ್ಬರೂ ಹೋದದ್ದನ್ನು ನಾನು ಕಂಡಿಲ್ಲ. ಸೇತುವೆಯ ಈಚೆ ತುದಿಯ ಚೌಕಿಯಲ್ಲಿ ಕೂತು ಆಚೆ ಹೋಗಿ ವಾಪಸ್ಸು ಬಂದವರ ಪಾಸ್‌ಪೋರ್ಟ್ ನೋಡುವುದೇ ನನ್ನ ಕೆಲಸವಾಗಿತ್ತು, ಹಾಗಾಗಿ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಬೊಗಳುವ ನಾಯಿ ಕಚ್ಚುವುದಿಲ್ಲ.

ಹೋದವಳು ನಾನೊಬ್ಬಳೇ, ವರ್ನಾ ಕಿಟಲ್ಸನ್. ನಾನು ಯಾವ ಪಕ್ಷದವಳು ಎಂದು ಮಾತ್ರ ಕೇಳಬೇಡಿ. ಅದು ಊರಿಗೆಲ್ಲ ಗೊತ್ತಿದೆ, ಅಷ್ಟಕ್ಕೇ ಬೇಕಾದಷ್ಟು ಅನುಭವಿಸಿದ್ದಾಗಿದೆ.

ನಾನು ಊರು ಬಿಟ್ಟ ವರ್ಷದ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಜೆಟ್ ಪಾಸಾಗದೆ ಸರ್ಕಾರಕ್ಕೇ ಬೀಗ ಬಿತ್ತು. ಕೆಲವು ನೌಕರರನ್ನು ಮನೆಗೆ ಕಳಿಸಿದರು. ನಮ್ಮಂಥವರನ್ನು "ನೀವಿಲ್ಲದೆ ದೇಶ ನಡೆಯದು" ಎಂದು ಹೊಗಳಿ ಸಂಬಳವಿಲ್ಲದೆ ದುಡಿಸಿಕೊಂಡರು. ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತು ನಾನು ಯಾರ್ಯಾರದೋ ಕಾರಿನ ಡಿಕ್ಕಿ ತೆಗೆಸಿ ನೋಡುತ್ತಿದ್ದೆ. ಅದನ್ನೂ ಸಹಿಸಿಕೊಂಡೇನು. ನನಗೆ ಸಹಿಸಲಾಗದ್ದು ನಡೆದದ್ದು ವಾಷಿಂಗ್ಟನ್ನಿನಲ್ಲಲ್ಲ, ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ.

ಆ ನೆಲಮಾಳಿಗೆಯಲ್ಲಿ ಚರ್ಚಿನ ಊಟಗಳಿಗೆ ಮೊದಲು ಒಂದೇ ಉದ್ದನೆಯ ಸಾಲಾಗಿ ಮೇಜು ಹಾಕುತ್ತಿದ್ದೆವು. ಹಿಂದಿನ ಚುನಾವಣೆಯ ನಂತರ ಅದು ಹೇಗೋ ಎರಡಾಯಿತು. ಒಂದು ಪಕ್ಷದವರು ಕಿಟಕಿಯ ಹತ್ತಿರ ಕೂತರು, ಇನ್ನೊಂದು ಪಕ್ಷದವರು ಅಡುಗೆಮನೆಯ ಹತ್ತಿರ. ನಾನು ಕಿಟಕಿಯ ಕಡೆ. ಒಲೆಯ ಮುಂದೆ ನನ್ನ ಪಕ್ಕದಲ್ಲೇ ನಲವತ್ತು ವರ್ಷ ನಿಂತು ಸೌಟಾಡಿಸಿದ ಆರ್ಫಾ ಲಿಂಡ್ವಾಲ್ ಅಡುಗೆಮನೆಯ ಕಡೆ. ನನ್ನ ಮದುವೆಯ ಹಿಂದಿನ ದಿನ ಗುಂಗುರು ಮಾಡಲು ಹೋಗಿ ನನ್ನ ಕೂದಲು ಸುಟ್ಟವಳೂ ಅವಳೇ, ಅಮ್ಮ ಸತ್ತಾಗ ನನಗೆ ಸ್ನಾನ ಮಾಡಿಸಿ ಮಲಗಿಸಿದವಳೂ ಅವಳೇ. ಮೇಜು ಬೇರೆಯಾದ ಮೇಲೆ ನಮ್ಮ ಮಾತು "ಉಪ್ಪು ಕೊಡು" ಎನ್ನುವಷ್ಟಕ್ಕೆ ಇಳಿದಿತ್ತು.

ಸಂಬಳವಿಲ್ಲದೆ ದುಡಿಯುತ್ತಿರುವವರಿಗೆ ಚರ್ಚಿನಿಂದ ಒಂದು ಊಟ ಹಾಕೋಣ ಎಂದು ಪಾದ್ರಿ ಹೋಲ್ಮ್ ಕೇಳಿದರು. ಎರಡೂ ಮೇಜಿನವರು ಹೂಂ ಅಂದರು. ಆಮೇಲೆ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ ಏನು ಬರೆಯಬೇಕು ಎಂಬ ಮಾತು ಬಂತು. ಇಂಥವರಿಂದ ಹೀಗಾಯಿತು ಎಂದು ಬರೆಯಲೇಬೇಕು ಎಂದಿತು ಕಿಟಕಿ. ಅಂಥವರಿಂದ ಹೀಗಾಯಿತು ಎಂದು ಬರೆದರೆ ಮಾತ್ರ ಎಂದಿತು ಅಡುಗೆಮನೆ. ಎರಡೂ ಬೇಡ, ಬರೀ 'ಊಟ' ಅಂತ ಬರೆಯೋಣ ಎಂದ ಪಾದ್ರಿಯ ಮೇಲೆ ಎರಡೂ ಕಡೆಯವರು ಒಗ್ಗಟ್ಟಾಗಿ ಹರಿಹಾಯ್ದರು. ಕಾಫಿ ಡ್ರಮ್ಮು ಖಾಲಿಯಾಯಿತು, ಊಟದ ದಿನ ಮಾತ್ರ ನಿಗದಿಯಾಗಲಿಲ್ಲ. ನನಗೆ ಮೈ ಉರಿದುಹೋಯಿತು.

"ಚೀಟಿ ತಿಂದು ಬದುಕ್ಬೇಕಾ ನಾವು?" ಎಂದು ಎದ್ದು ನಿಂತೆ. "ನಾಚಿಕೆ ಆಗಲ್ವಾ ನಿಮ್ಗೆ?"

ಆರ್ಫಾ ನನ್ನ ಮುಖ ನೋಡದೆ ಪಕ್ಕದವಳಿಗೆ ಹೇಳಿದಳು. "ಅವ್ಳಿಗ್ಯಾಕಮ್ಮ ನಮ್ಮ ಊಟ? ಗಂಡ ಕೆನಡಾದವನು. ಅಷ್ಟು ಕಷ್ಟ ಆದ್ರೆ ಸೇತುವೆ ದಾಟ್ಕೊಂಡು ಹೋಗ್ಲಿ."

"ಹೋಗ್ತೀನಿ," ಎಂದೆ.

"ಹೋಗ್ತಾಳಂತೆ! ನಾನು ಹುಟ್ಟಿದಾಗಿಂದ ಈ ಊರಲ್ಲಿ ಎಲ್ರೂ ಹೋಗ್ತಾನೇ ಇದಾರೆ."

"ಎಲ್ರೂ ಬೇರೆ, ನಾನು ಬೇರೆ. ನೋಡ್ತಿರು ನೀನು."

ಮನೆಗೆ ಹೋಗಿ ಗಂಡ ಲಾರ್ನ್‌ಗೆ ಹೇಳಿದೆ. ನದಿಯಾಚೆ ಹುಟ್ಟಿದ ಅವನು ಮದುವೆಯಾಗಿ ನನಗೋಸ್ಕರ ಈಚೆಗೆ ಬಂದವನು. ಅವನ ಅಣ್ಣನ ಮನೆ ಆಚೆ ದಡದಲ್ಲಿ ಖಾಲಿ ಬಿದ್ದಿತ್ತು. ಅವನು ಟಿವಿ ಆರಿಸಿ ನನ್ನನ್ನೇ ದಿಟ್ಟಿಸಿದ.

"ಮೂವತ್ತು ವರ್ಷದಿಂದ ನಾನು ಕರೀತಿದೀನಿ, ಒಂದು ಹೆಜ್ಜೆ ಇಡ್ಲಿಲ್ಲ ನೀನು. ಆರ್ಫಾ ಒಂದ್ಸಲ ಬೈದ ತಕ್ಷಣ ಹೊರಟುಬಿಟ್ಯಾ? ಅವ್ಳಿಗೊಂದು ಹೂಗುಚ್ಛ ಕಳಿಸ್ಬೇಕು ಕಣೇ."

"ಬಾಯ್ಮುಚ್ಕೊಂಡು ರಟ್ಟಿನ ಡಬ್ಬ ಹುಡುಕು."

ನಿವೃತ್ತಿಗೆ ಹೇಗೂ ಹತ್ತಿರವಿದ್ದೆ, ಕೆಲಸ ಬಿಡುತ್ತೇನೆ ಎಂದು ಬರೆದು ಕೊಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಲಾರ್ನ್ ಎಚ್ಚರಿಸಿದ. ನನ್ನ ಮೂಗು, ನಾನು ನೋಡಿಕೊಳ್ಳುತ್ತೇನೆ ಎಂದೆ.

ಸಾಮಾನು ಸಾಗಿಸುವ ಶನಿವಾರ ಬಂತು. ನಮ್ಮೂರಿನವರಿಗೆ ಬಾಯಿಬಿಟ್ಟು "ಹೋಗಬೇಡ" ಅನ್ನಲು ಬರುವುದಿಲ್ಲ. ಯಾರಾದರೂ ಹುಟ್ಟಲಿ, ಸಾಯಲಿ, ಊರು ಬಿಡಲಿ, ನಮ್ಮ ಹೆಂಗಸರು ಓವನ್ನಿಗಿಡುವ ಉದ್ದನೆಯ ಅಲ್ಯುಮಿನಿಯಂ ಪಾತ್ರೆಯ ತುಂಬ ಹಾಟ್‌ಡಿಶ್ ಮಾಡಿ ತರುತ್ತಾರೆ. ತಳದಲ್ಲಿ ಖೀಮಾ, ನಡುವೆ ಹುರುಳಿಕಾಯಿ, ಮೇಲೆ ಆಲೂಗಡ್ಡೆಯ ಉಂಡೆಗಳ ಸಾಲು. ಪಾತ್ರೆಯ ಅಡಿಗೆ ಒಂದು ತುಂಡು ಟೇಪು, ಅದರ ಮೇಲೆ ಹೆಸರು. ಏಕೆಂದರೆ ಪಾತ್ರೆ ವಾಪಸ್ಸು ಬರಬೇಕು, ಬರಿದಾಗಿ ಬರಬಾರದು. ಪಾತ್ರೆ ಕೊಟ್ಟವರು ನಿಮ್ಮನ್ನು ಬಿಟ್ಟುಕೊಡುವುದಿಲ್ಲ ಎಂದೇ ಅರ್ಥ.

ಕಿಟಕಿ ಮೇಜಿನವರು ಮುಂಬಾಗಿಲಿಗೆ ಬಂದರು, ಅಡುಗೆಮನೆ ಮೇಜಿನವರು ಹಿತ್ತಿಲ ಬಾಗಿಲಿಗೆ. ಒಬ್ಬರ ಮುಖ ಒಬ್ಬರು ನೋಡದಂತೆ ಎಲ್ಲರೂ ಕೊಟ್ಟು ಹೋದರು. "ಪಾತ್ರೆಗೇನೂ ಅವಸರ ಇಲ್ಲ," ಎಂದಳು ನಮ್ಮ ಕಿಟಕಿ ಮೇಜಿನ ಲವೋನ್. ಅವಸರ ಇದೆ ಎಂದು ಹೇಳುವ ರೀತಿಯೇ ಅದು.

ಆರ್ಫಾ ಬರಲಿಲ್ಲ. ನಾನು ಎರಡು ಬಾಗಿಲಿಗೂ ನಾಲ್ಕಾರು ಸಲ ಓಡಾಡಿದೆ. ಕೊನೆಗೆ ಲಾರ್ನ್ ಟ್ರಕ್ಕು ಸ್ಟಾರ್ಟ್ ಮಾಡುವ ಹೊತ್ತಿಗೆ ಮೆಟ್ಟಿಲ ಮೇಲೊಂದು ಪಾತ್ರೆ ಕಂಡಿತು, ಯಾವಾಗ ಇಟ್ಟುಹೋದಳೋ. ಮುಚ್ಚಿದ ಹಾಳೆ ಎತ್ತಿದೆ. ಅಣಬೆ ಹಾಕಿ ಬೇಯಿಸಿದ, ನಮ್ಮ ಕೆರೆಗಳಲ್ಲಿ ತಾನೇ ಬೆಳೆಯುವ ಕಾಡಕ್ಕಿ, ಅದನ್ನು ಆರ್ಫಾ ಬಿಟ್ಟರೆ ಯಾರೂ ಹಾಗೆ ಮಾಡುವುದಿಲ್ಲ. ಖುಷಿಯಿಂದ ಕಣ್ಣಲ್ಲಿ ನೀರು ಬಂದು ಚಳಿಗೆ ಅಲ್ಲೇ ರೆಪ್ಪೆಯ ಮೇಲೆ ಹೆಪ್ಪುಗಟ್ಟಿತು. ಸೇತುವೆ ದಾಟುವವರೆಗೂ ಆ ಪಾತ್ರೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಆಚೆ ದಡದಲ್ಲಿ ವಾರಗಟ್ಟಲೆ ನಾವು ಹಾಟ್‌ಡಿಶ್ಶೇ ತಿಂದೆವು. ಇನ್ನೊಂದು ಆಲೂಗಡ್ಡೆ ಉಂಡೆ ಕಂಡರೆ ಮರಳಿ ಅಮೆರಿಕಕ್ಕೆ ಓಡಿಹೋಗುತ್ತೇನೆ ಎಂದು ಲಾರ್ನ್ ಹೆದರಿಸಿದ. ಆರ್ಫಾಳ ಕಾಡಕ್ಕಿಯನ್ನು ನಾನು ಫ್ರೀಜರಿನಲ್ಲಿ ಕೊನೆಯವರೆಗೂ ಉಳಿಸಿಕೊಂಡೆ. ಅದನ್ನೂ ತಿಂದು ಪಾತ್ರೆ ತೊಳೆಯಲು ಬೋರಲು ಹಾಕಿದಾಗ ಅಡಿಯ ಟೇಪು ಕಂಡಿತು. ಅದರ ಮೇಲಿದ್ದ ಹೆಸರು ಆರ್ಫಾ ಅಲ್ಲ, ವರ್ನಾ. ನನ್ನದೇ ಕೈಬರಹ.

ಅದು ನನ್ನ ಪಾತ್ರೆ. ಮೇಜು ಎರಡಾಗುವ ಮೊದಲು, ಆರ್ಫಾಳ ಮಂಡಿ ಆಪರೇಷನ್ನಿಗೆ ನಾನು ಊಟ ತುಂಬಿ ಕಳಿಸಿದ್ದು, ಅವಳಲ್ಲೇ ಉಳಿದಿತ್ತು. ಅವಳು ನನಗೇನೂ ಕೊಟ್ಟಿರಲಿಲ್ಲ. ನನ್ನದನ್ನು ನನಗೆ ಹಿಂದಿರುಗಿಸಿ ಋಣ ಹರಿದುಕೊಂಡಿದ್ದಳು. ಉಳಿದವರೆಲ್ಲ ಬಾ ಎಂದಿದ್ದರು, ಇವಳೊಬ್ಬಳು ಬರಬೇಕಾಗಿಲ್ಲ ಎಂದಿದ್ದಳು. ನಾನು ಸಿಂಕಿನ ಮುಂದೆ ನಿಂತು ಜೋರಾಗಿ ಅತ್ತೆ.

ಅಷ್ಟರಲ್ಲಿ ವಾಷಿಂಗ್ಟನ್ನಿನವರು ಹೇಗೋ ತೇಪೆ ಹಾಕಿಕೊಂಡು ಬೀಗ ತೆಗೆದಿದ್ದರು. ನಮ್ಮ ನೆಲಮಾಳಿಗೆಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಲವೋನ್ ಫೋನು ಮಾಡಿ ಹೇಳಿದಳು. "ಈಗ ಕಾಫಿ ಡ್ರಮ್ಮೂ ಎರಡಾಗಿದೆ ಕಣೇ. ಅಂದಹಾಗೆ ನನ್ನ ಪಾತ್ರೆಗೇನೂ ಅವಸರ ಇಲ್ಲ. ಈಸ್ಟರ್ ಹತ್ರ ಬಂತಲ್ಲ, ಸುಮ್ನೆ ಹೇಳ್ದೆ."

ಫೋನಿಟ್ಟು ಮೂಲೆಯಲ್ಲಿ ಪೇರಿಸಿದ್ದ ಪಾತ್ರೆಗಳನ್ನೇ ನೋಡುತ್ತ ಕೂತೆ. ಎರಡೂ ಮೇಜಿನ ಪಾತ್ರೆಗಳು ಒಂದರೊಳಗೊಂದು ಕೂತಿದ್ದವು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ನನಗೆ ಹಟ ಹುಟ್ಟಿತು. ಸಿಂಕಿನ ತುಂಬ ಬಿಸಿನೀರು ಬಿಟ್ಟು ಪಾತ್ರೆಗಳನ್ನು ನೆನೆಸಿ, ಟೇಪುಗಳನ್ನು ಉಗುರಿನಿಂದ ಕಿತ್ತು ತೆಗೆದೆ. ನನ್ನ ಹೆಸರಿನದ್ದನ್ನೂ ಬಿಡಲಿಲ್ಲ.

ಲಾರ್ನ್ ಬಾಗಿಲಲ್ಲಿ ನಿಂತು ಬೆಚ್ಚಿಬಿದ್ದ. "ಏನೇ ಮಾಡ್ತಿದೀಯ? ಇನ್ನು ಯಾರ್ದು ಯಾವ್ದು ಅಂತ ಹೆಂಗೆ ಹೇಳ್ತೀಯ?"

"ಹೇಳಲ್ಲ. ಅವ್ರೇ ಕೂತು ಹೇಳ್ಲಿ."

"ಒಳಗೇನು ತುಂಬ್ತೀಯ?"

"ಏನೂ ಇಲ್ಲ. ಖಾಲಿ ಕೊಡ್ತೀನಿ."

"ಕೊಲೆ ಆಗುತ್ತೆ ಕಣೇ," ಎಂದವನು ಜಾಕೆಟ್ಟು ಹಾಕಿಕೊಂಡ. "ನಾನೂ ಬರ್ತೀನಿ. ಇದನ್ನ ತಪ್ಪಿಸ್ಕೊಳ್ಳಕ್ಕಾಗಲ್ಲ."

ಈಸ್ಟರಿಗೆ ಮುಂಚಿನ ವಾರಗಳಲ್ಲಿ ಪ್ರತಿ ಬುಧವಾರ ಸಂಜೆ ನೆಲಮಾಳಿಗೆಯಲ್ಲಿ ಸೂಪಿನ ಊಟ. ಅಂದು ಬುಧವಾರವೇ ಆಗಿತ್ತು, ಸೇತುವೆಯ ಚೌಕಿಯಲ್ಲಿ ನನ್ನ ಹಳೆಯ ಜೊತೆಗಾರ ಡೆಲ್ ಕೂತಿದ್ದ.

"ಏನ್ ತರ್ತಿದೀಯ ವರ್ನಾ?"

"ಪಾತ್ರೆ. ವಾಪಸ್ ಕೊಡಕ್ಕೆ."

ಅವನು ಹಿಂದಿನ ಸೀಟಿಗೆ ಟಾರ್ಚು ಬಿಟ್ಟು ನೋಡಿದ. "ಖಾಲಿ? ಹುಷಾರಾಗಿದೀಯ ತಾನೆ?"

"ಯಾವತ್ತಿಗಿಂತ ಚೆನ್ನಾಗಿದೀನಿ."

ನಾನು ನೆಲಮಾಳಿಗೆಗೆ ಇಳಿದಾಗ ಎರಡೂ ಮೇಜು ತುಂಬಿತ್ತು, ಆರ್ಫಾ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಗೋಡೆಗೆ ಒರಗಿಸಿದ್ದ ಒಂದು ಮಡಚುವ ಮೇಜನ್ನು ಎಳೆದು ತಂದು ಎರಡು ಮೇಜುಗಳ ನಡುವೆ ಹಾಕಿದೆ. ಅದರ ಮೇಲೆ ಪಾತ್ರೆಗಳನ್ನು ಧಡಾರೆಂದು ಇಟ್ಟೆ. ಸದ್ದಿಗೆ ಪಾದ್ರಿಯ ಚಮಚ ಸೂಪಿಗೆ ಬಿತ್ತು.

"ನಿಮ್ಮ ಪಾತ್ರೆಗಳು. ತಗೊಳ್ಳಿ."

ಲವೋನ್ ಒಂದನ್ನು ಎತ್ತಿ ಬೋರಲು ಮಾಡಿ ನೋಡಿದಳು, ಇನ್ನೊಂದನ್ನೂ ನೋಡಿದಳು. "ಟೇಪೆಲ್ಲಿ?"

"ಕಿತ್ತಾಕ್ದೆ."

"ಒಳಗೂ ಏನಿಲ್ವಲ್ಲೇ!"

"ಇಲ್ಲ. ನನಗೆ ಒಂದು ಊಟ ಹಾಕಕ್ಕೆ ನಿಮ್ಮ ಕೈಲಿ ಆಗ್ಲಿಲ್ಲ. ನಾನ್ಯಾಕೆ ತುಂಬಿ ತರ್ಲಿ?"

ನಾನು ಕೈಕಟ್ಟಿ ನಿಂತೆ. ಬೈಸಿಕೊಂಡು ಹೋಗುವುದಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಕೊನೆಗೆ ಅಡುಗೆಮನೆ ಮೇಜಿನ ಮುದುಕಿ ಸಿಗ್ನೆ ಕೋಲೂರಿಕೊಂಡು ಎದ್ದು ಬಂದು ಒಂದು ಪಾತ್ರೆಗೆ ಕೈ ಹಾಕಿದಳು.

"ಅದು ನಿಂದಲ್ಲ," ಎಂದಳು ಲವೋನ್. ಆ ಕಡೆಯವರೊಂದಿಗೆ ಅವಳು ಮಾತಾಡಿದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. "ನಿನ್ನದಕ್ಕೆ ಮೂಲೆ ಸೊಟ್ಟ. ನಿನ್ನ ಮಗನ ಮದುವೇಲಿ ನಾನೇ ಬೀಳಿಸಿದ್ದು."

"ನೀನಾ ಬೀಳಿಸಿದ್ದು? ಇಷ್ಟು ವರ್ಷ ನನ್ನ ಸೊಸೇನ ಬೈತಿದ್ನಲ್ಲೇ!"

ಯಾರೋ ನಕ್ಕರು. ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ಒಬ್ಬರ ಪಾತ್ರೆಯನ್ನು ಒಬ್ಬರು ಅಷ್ಟು ವರ್ಷ ತೊಳೆದಿದ್ದವರು ಅವರು. ತಮ್ಮದರ ಗುರುತು ಮರೆತವರಿಗೂ ಎದುರು ಮೇಜಿನವರದರ ಗುರುತು ನೆನಪಿತ್ತು. ಇದರ ಗೀರು ನಿನ್ನ ಗಂಡ ಚಾಕುವಿನಲ್ಲಿ ಕುಯ್ದದ್ದು, ಇದರ ಕಲೆ ಆ ಸುಟ್ಟ ಕೇಕಿನದು ಎಂದು ಗದ್ದಲವೋ ಗದ್ದಲ. ನಡುವೆ ಬಜೆಟ್ಟಿನ ಮಾತೂ ಬಂತು, ಒಂದಿಬ್ಬರು ಪಾತ್ರೆ ಕೈಯಲ್ಲಿ ಹಿಡಿದೇ ಜಗಳಕ್ಕೆ ನಿಂತರು. ಯಾರ ಅಭಿಪ್ರಾಯವೂ ಕೂದಲೆಳೆಯಷ್ಟು ಬದಲಾಗಲಿಲ್ಲ. ಆದರೆ ಜಗಳವಾಡುವುದಕ್ಕಾದರೂ ಮುಖ ನೋಡಬೇಕಲ್ಲ, ನೋಡಿದರು. ನನಗೆ ಅಷ್ಟು ಸಾಕಾಗಿತ್ತು.

ಇಲ್ಲ, ಸಾಕಾಗಿರಲಿಲ್ಲ. ಮೇಜಿನ ಮೇಲೆ ಒಂದು ಪಾತ್ರೆ ಉಳಿದಿತ್ತು. ಒಲೆಯ ಮುಂದಿನ ಬೆನ್ನು ತಿರುಗಿರಲಿಲ್ಲ.

ಲವೋನ್ ಅದನ್ನು ಎತ್ತಿ ನೋಡಿದಳು. "ಇದು ವರ್ನಾದು. ಹಿಡಿಕೆ ಹತ್ರ ತಗ್ಗಿದೆ ನೋಡಿ."

"ಹೌದು, ನಂದೇ," ಎಂದೆ. "ಎಲ್ಲರ ಜೊತೆ ಬಂದ್ಬಿಟ್ಟಿದೆ." ಅದು ಸುಳ್ಳು. ಬೇಕೆಂದೇ ತಂದಿದ್ದೆ. ತೆಗೆದುಕೊಳ್ಳಲು ಕೈ ಚಾಚಿದೆ.

"ಅದು ನಂದು."

ಆರ್ಫಾ ಸೌಟು ಹಿಡಿದುಕೊಂಡೇ ಬಂದಿದ್ದಳು. ಲವೋನ್ ಕೈಯಿಂದ ಪಾತ್ರೆ ಕಿತ್ತುಕೊಂಡಳು.

"ನಿಂದು ಹೆಂಗಾಗುತ್ತೆ? ಆ ತಗ್ಗು..." ಎಂದಳು ಲವೋನ್.

"ನಂದು ಅಂದ್ನಲ್ಲ! ನನ್ನ ಪಾತ್ರೆ ನಂಗೆ ಗೊತ್ತಿಲ್ವಾ?"

ಅವಳು ಅಡುಗೆಮನೆಗೆ ಹೋದಳು. ಸಿಹಿಗೆಂದು ಮಾಡಿಟ್ಟಿದ್ದ ನಿಂಬೆ ಕೇಕಿನ ಚೌಕ ತುಂಡುಗಳನ್ನೆಲ್ಲ ಆ ಪಾತ್ರೆಗೆ ಸುರಿದಳು. ಅಷ್ಟೂ ಜನರ ಪಾಲು ಅದು. ಡ್ರಾಯರಿನಿಂದ ಟೇಪು ತೆಗೆದು ಹಲ್ಲಿನಿಂದ ಹರಿದು, ಅಡಿಗೆ ಅಂಟಿಸಿ, ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ತನ್ನ ಹೆಸರು ಬರೆದಳು. ತಂದು ನನ್ನ ಎದೆಗೆ ಒತ್ತಿದಳು.

"ನನ್ನ ಪಾತ್ರೆ. ಬುಧವಾರ ವಾಪಸ್ ಬರ್ಬೇಕು. ಖಾಲಿ ತಂದ್ರೆ ಕಾಲು ಮುರೀತೀನಿ."

"ನಾನಿರೋದು ಬೇರೆ ದೇಶದಲ್ಲಿ ಕಣೇ."

"ಇರು, ಯಾರು ಬೇಡ ಅಂದ್ರು? ಪಾತ್ರೆ ಮಾತ್ರ ತಂದ್ಕೊಡು."

ಸೇತುವೆಯ ಆಚೆ ತುದಿಯಲ್ಲಿ ಕೆನಡಾದ ಅಧಿಕಾರಿ, ನನ್ನ ಗುರುತಿಲ್ಲದ ಹುಡುಗಿ, ಕಿಟಕಿಗೆ ಬಗ್ಗಿ ಕೇಳಿದಳು. "ತೊಡೆ ಮೇಲೇನಮ್ಮ ಅದು? ನಿಮ್ಮದೇನಾ?"

ಲಾರ್ನ್ ನನ್ನ ಕಡೆ ನೋಡಿದ.

"ನಂದಲ್ಲ," ಎಂದೆ. "ಬುಧವಾರ ವಾಪಸ್ ಕೊಡ್ಬೇಕು."