ಎರಡು ಮಡಿಕೆ

ಬಾಯಿ ಅಂದರೆ ಬಾಯಿ ಆ ಟೈಲರಮ್ಮನದು. ಅಳತೆ ಕೊಡಲು ಬಂದವರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರೆ, "ಬಿಡಿ ಸಾರ್, ಪ್ಯಾಂಟು ಹೊಲಿಯೋದು ನಿಮ್ಮ ಹೊಟ್ಟೆಗೆ, ನಿಮ್ಮ ಆಸೆಗಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳುವವಳು. ಅಂಥವಳು ಏಳು ವರ್ಷದ ಮಗುವಿನ ಮುಂದೆ ಸುಳ್ಳು ಹೇಳಿಕೊಂಡು ಕೂತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಎಂಟು ತಿಂಗಳು!

ಮಗು ಅವಳ ಅಕ್ಕನದು. ಅಂಗಿಯ ಗುಂಡಿಯಂಥ ದುಂಡು ಕಣ್ಣು, ಅದಕ್ಕೇ ಎಲ್ಲರ ಬಾಯಲ್ಲೂ ಗುಂಡಿ. ಅಕ್ಕ ದೂರದ ದೊಡ್ಡಾಸ್ಪತ್ರೆಗೆ ಸೇರಿದವಳು ಮೂರನೇ ವಾರ ಅಲ್ಲೇ ತೀರಿಕೊಂಡಳು. ಮಗುವಿಗೆ ಹೇಳುವವರು ಯಾರು? ಭಾವ ಲಾರಿ ಓಡಿಸುವವನು, ಎಂಥ ಇಳಿಜಾರಿನಲ್ಲೂ ಕೈ ನಡುಗದ ಗಂಡಸು. "ನನ್ನ ಬಾಯಲ್ಲಿ ಬರಲ್ಲಮ್ಮ, ನೀನೇ ಏನಾದ್ರೂ ಹೇಳು" ಎಂದು ಗೋಡೆಯ ಕಡೆ ತಿರುಗಿಬಿಟ್ಟ. ಅವಳ ನಾಲಿಗೆಯೂ ಹೊರಳಲಿಲ್ಲ. "ಅಮ್ಮಂಗೆ ಇನ್ನೂ ವಾಸಿ ಆಗಿಲ್ಲ ಕಂದ, ಆದ ತಕ್ಷಣ ಬರ್ತಾಳೆ" ಅಂದುಬಿಟ್ಟಳು. ಮಕ್ಕಳಿಗೇನು ಗೊತ್ತಾಗುತ್ತೆ, ನಾಲ್ಕು ದಿನ ಕಳೆದರೆ ಮರೆತುಬಿಡ್ತಾವೆ ಎನ್ನುವ ಜಾಣರಿಗೆ ಯಾವ ಕಾಲದಲ್ಲೂ ಬರವಿಲ್ಲ. ಅವರ ಮಾತನ್ನು ಅವಳೂ ನಂಬಿದಳು. ಭಾವ ಲಾರಿ ಹತ್ತಿದ, ಗುಂಡಿ ಚಿಕ್ಕಮ್ಮನ ಮನೆಯಲ್ಲಿ ಉಳಿದಳು.

ಒಂದು ಮಧ್ಯಾಹ್ನ ಗುಂಡಿಯ ಟೀಚರ್ ಅಂಗಡಿಗೆ ಬಂದರು. ಕೈಯಲ್ಲಿ ಹೊಲಿಸುವ ಬಟ್ಟೆ ಇರಲಿಲ್ಲ.

"ಟೈಲರಮ್ಮ, ತಪ್ಪು ತಿಳ್ಕೋಬೇಡಿ. ಮಗು ಡಬ್ಬೀಲಿರೋ ಊಟದಲ್ಲಿ ಅರ್ಧ ಪಕ್ಕದೋಳಿಗೆ ಕೊಟ್ಬಿಡ್ತಾಳೆ. ಇವತ್ತು ಕ್ಲಾಸಲ್ಲಿ ಎಲ್ಲರ ಎತ್ತರ ಅಳೆದ್ವಿ. ಇವಳು ಮೊಣಕಾಲು ಬಗ್ಗಿಸಿ ನಿಂತ್ಲು. ನೆಟ್ಟಗೆ ನಿಲ್ಲು ಪುಟ್ಟ ಅಂದ್ರೆ ಒಂದೇ ಸಮ ಅಳು. ಅವಳ ತಾಯಿ ಇಲ್ಲ ಅಂತ ನಂಗೆ ಗೊತ್ತು. ಅವಳಿಗೆ ಗೊತ್ತಾ?"

ಟೈಲರಮ್ಮ ಮಷೀನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಊರವರನ್ನೆಲ್ಲ ಟೇಪು ಹಿಡಿದು ಅಳೆಯುವವಳಿಗೆ ಮನೆಯ ಮಗು ಸೊರಗಿದ್ದು ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

"ಬೇಕಾದ್ರೆ ನಾನೂ ಜೊತೇಲಿರ್ತೀನಿ" ಅಂದರು ಟೀಚರ್.

"ಬೇಡ ಟೀಚರ್. ಹೊಲಿದೋಳು ನಾನು, ಬಿಚ್ಚೋದೂ ನಾನೇ."

ಅವರು ಹೋದಮೇಲೆ ಭಾವನಿಗೆ ಫೋನ್ ಮಾಡಿದಳು. "ಇವತ್ತು ಹೇಳ್ಬಿಡ್ತೀನಿ ಭಾವ." ಆ ಕಡೆ ಲಾರಿ ಪಕ್ಕಕ್ಕೆ ಸರಿದು ನಿಂತ ಸದ್ದು ಕೇಳಿಸಿತು. "ಹೇಳಮ್ಮ" ಅಂದ.

ಹೇಳುವುದೇನೋ ಸರಿ, ಎಲ್ಲಿಂದ ಶುರುಮಾಡುವುದು? ಸಂಜೆ ಗುಂಡಿ ಸ್ಕೂಲಿಂದ ಬಂದಾಗ ಚಿಕ್ಕಮ್ಮನ ಕಣ್ಣು ಅವಳ ಕಡುನೀಲಿ ಸ್ಕರ್ಟಿನ ಮೇಲೆ ಬಿತ್ತು. ಮೊಣಕಾಲಿಗಿಂತ ಮೇಲೆ ಹೋಗಿತ್ತು. "ಬಾರೇ ಇಲ್ಲಿ, ಮಡಿಕೆ ಬಿಚ್ಚಿ ಉದ್ದ ಮಾಡ್ತೀನಿ" ಎಂದು ಕೈಚಾಚಿದಳು.

ಗುಂಡಿ ಸ್ಕರ್ಟಿನ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. "ಬೇಡ!"

"ಯಾಕೆ ಬಂಗಾರ?"

"ನಾನು ಉದ್ದ ಆಗಲ್ಲ ಚಿಕ್ಕಮ್ಮ. ಉದ್ದ ಆದ್ರೆ ಅಮ್ಮ ಬಂದಾಗ ಗುರುತೇ ಸಿಗಲ್ಲ. ಬೇರೆ ಯಾರದೋ ಮಗು ಅಂದ್ಕೊಂಡು ವಾಪಸ್ ಹೋಗ್ಬಿಡ್ತಾಳೆ."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಟೈಲರಮ್ಮ ತನ್ನನ್ನೇ ಬೈದುಕೊಂಡಳು. ಅಯ್ಯೋ ಪಾಪಿ, ನಿನ್ನ ಒಂದು ಸುಳ್ಳಿಗೆ ಈ ಕೂಸು ಬೆಳೆಯುವುದನ್ನೇ ನಿಲ್ಲಿಸಲು ಹೊರಟಿದೆಯಲ್ಲೇ! ಶಟರ್ ಅರ್ಧ ಎಳೆದು, ನೆಲದ ಮೇಲೆ ಚಿಂದಿಬಟ್ಟೆಗಳ ನಡುವೆ ಮಗುವಿನ ಎದುರು ಕೂತಳು.

"ಗುಂಡಿ, ಅಮ್ಮ ಬರಲ್ಲ. ಅಮ್ಮ ಸತ್ತೋದ್ಲು ಕಂದ. ಅವಾಗ್ಲೇ. ನಾನು ನಿಂಗೆ ಸುಳ್ಳು ಹೇಳ್ದೆ."

"ಇಲ್ಲ. ವಾಸಿ ಆಗುತ್ತೆ ಅಂದಿದ್ದೆ ನೀನು."

"ಆಗ್ಲಿಲ್ಲ. ಡಾಕ್ಟ್ರು ತುಂಬ ನೋಡಿದ್ರು. ಆಗ್ಲಿಲ್ಲ."

"ನಾನು ಒಂದಿನ ಡಬ್ಬಿ ಪೂರ್ತಿ ತಿಂದ್ಬಿಟ್ಟಿದ್ದೆ. ಅದಕ್ಕಾ?"

"ಇಲ್ಲಮ್ಮ, ಇಲ್ಲ. ನಿಂದೇನೂ ತಪ್ಪಿಲ್ಲ. ಒಂದು ಚೂರೂ ಇಲ್ಲ."

ಗುಂಡಿ ಪುಟ್ಟ ಮುಷ್ಟಿಯಿಂದ ಅವಳ ಎದೆಗೆ, ಭುಜಕ್ಕೆ ಗುದ್ದತೊಡಗಿದಳು. "ನೀನು ಸುಳ್ಳಿ! ಸುಳ್ಳಿ!" ಅವಳು ತಡೆಯಲಿಲ್ಲ, "ಹೌದಮ್ಮ" ಎನ್ನುತ್ತಲೇ ಇದ್ದಳು. ಗುದ್ದಿ ಗುದ್ದಿ ಸುಸ್ತಾದ ಮಗು ಅದೇ ಮಡಿಲಿಗೆ ಕುಸಿದು ಅತ್ತಿತು. ಎಂಟು ತಿಂಗಳು ಬಚ್ಚಲುಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದವಳು ಈಗ ಮಗುವಿನ ಮುಂದೆಯೇ ಅತ್ತಳು. ಶಟರ್ ತಟ್ಟಿದ ಗಿರಾಕಿಯೊಬ್ಬ ಒಳಗಿನ ಅಳು ಕೇಳಿ ಹಾಗೇ ಹೊರಟುಹೋದ.

ಬಹಳ ಹೊತ್ತಿನ ಮೇಲೆ ಗುಂಡಿ ಕೇಳಿದಳು. "ನಾನು ಉದ್ದ ಆದ್ರೆ ಅಮ್ಮಂಗೆ ಗೊತ್ತೇ ಆಗಲ್ವಾ?"

ಟೈಲರಮ್ಮ ಸ್ಕರ್ಟಿನ ಅಂಚನ್ನು ತಿರುವಿ ತೋರಿಸಿದಳು. "ಇದನ್ನ ಹೊಲಿಯೋವಾಗ ನಿಮ್ಮಮ್ಮ ಆ ಸ್ಟೂಲ್ ಮೇಲೆ ಕೂತು ನನ್ನ ಜೊತೆ ಜಗಳ ಆಡಿದ್ಲು. ಒಂದು ಮಡಿಕೆ ಸಾಕಕ್ಕ ಅಂದೆ. ಎರಡಿಡು, ನನ್ನ ಮಗಳೇನು ನಿನ್ನ ಹಾಗೆ ಕುಳ್ಳೀನಾ, ಉದ್ದ ಬೆಳೀತಾಳೆ ಅಂದ್ಲು. ನೀನು ಬೆಳೀತೀಯ ಅಂತ ಅವಳಿಗೆ ಅವತ್ತೇ ಗೊತ್ತಿತ್ತು ಗುಂಡಿ."

ಮೂಗು ಒರೆಸಿಕೊಂಡು ಗುಂಡಿ ಮುಷ್ಟಿ ಸಡಿಲಿಸಿದಳು. ಬ್ಲೇಡಿನ ತುದಿಯಿಂದ ಮೊದಲ ಮಡಿಕೆಯ ದಾರವನ್ನು ಇಬ್ಬರೂ ಸೇರಿ ಕಿತ್ತರು. ಒಗೆದು ಒಗೆದು ಮಾಸಿದ ಬಟ್ಟೆಯ ಕೆಳಗೆ ನಾಲ್ಕು ಬೆರಳಗಲ ಹೊಸ ನೀಲಿ ಹೊರಬಂತು. ಗುಂಡಿ ಅದರ ಮೇಲೆ ಕೈಯಾಡಿಸಿದಳು.

"ಇನ್ನೊಂದು ಈಗ ಬಿಚ್ಚಬೇಡ."

"ಇಲ್ಲ. ಮುಂದಿನ ವರ್ಷ."

"ಅದೂ ಮುಗಿದ್ಮೇಲೆ?"

ಸುಲಭದ ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಅದಾದ್ಮೇಲೆ ಅಮ್ಮ ಇಡಿಸಿದ್ದು ಇಲ್ಲ ಕಂದ. ನಾನೇ ಹೊಸದು ಹೊಲಿತೀನಿ."

ಗುಂಡಿ ಮೇಲೆದ್ದಳು. "ಅದಕ್ಕೂ ಎರಡು ಇಡು" ಎಂದು ಹೇಳಿ, ಮೊಣಕಾಲು ನೆಟ್ಟಗೆ ಮಾಡಿ ಅಳತೆಗೆ ನಿಂತಳು. ಟೇಪು ಹಿಡಿದ ಚಿಕ್ಕಮ್ಮನಿಗೆ ಅಂಕಿ ಕಾಣಿಸಲಿಲ್ಲ.